ಕೊಚ್ಚಿಯಲ್ಲಿ ಗೆಳೆಯನೊಡನೆ ಒಂದು ದಿನ

ಕೊಚ್ಚಿಯ ಬಂದರನ್ನು ಮೊದಲು ತೆರೆದವರು ಯಾರೆಂದು ಕೇಳಿದರೆ, ಆ ಊರಿನ ತಿಳಿದವರು ಯಾವ ಅರಸನ ಹೆಸರನ್ನೂ ಹೇಳುವುದಿಲ್ಲ. ಪೆರಿಯಾರ್ ನದಿಯ ಹೆಸರನ್ನು ಹೇಳುತ್ತಾರೆ. 1341ರಲ್ಲಿ ಆ ನದಿಗೆ ಮಹಾಪೂರ ಬಂದಿತೆಂದೂ, ಅದು ಹೊತ್ತು ತಂದ ಮಣ್ಣಿನಿಂದ ಉತ್ತರದ ಕೊಡುಂಗಲ್ಲೂರಿನ ಪ್ರಾಚೀನ ರೇವು ಹೂತುಹೋಯಿತೆಂದೂ, ದಕ್ಷಿಣದಲ್ಲಿ ಕೊಚ್ಚಿಯ ಅಳಿವೆ ಬಾಯ್ದೆರೆಯಿತೆಂದೂ ಹೇಳಿಕೆಯಿದೆ. ರೋಮಿನ ಹಡಗುಗಳು ಮೆಣಸನ್ನು ಅರಸಿಕೊಂಡು ಬರುತ್ತಿದ್ದ ಮುಜಿರಿಸ್ ಪಟ್ಟಣ ಆ ಕೊಡುಂಗಲ್ಲೂರಿನ ನೆರೆಯಲ್ಲೇ ಇತ್ತು. ಒಂದೇ ನೀರು ಒಂದೂರಿನ ಭಾಗ್ಯವನ್ನು ಮುಚ್ಚಿ, ಇನ್ನೊಂದೂರಿನ ಭಾಗ್ಯವನ್ನು ಅಗೆದು ತೆಗೆಯಿತು. ಊರುಗಳ ಜಾತಕವನ್ನು ಬರೆಯುವ ಬ್ರಹ್ಮನು ಕೆಲವೊಮ್ಮೆ ಲೇಖನಿಯ ಬದಲು ಹಾರೆಯನ್ನು ಹಿಡಿಯುತ್ತಾನೆ!

ನನಗೂ ಕೊಚ್ಚಿಗೂ ನಂಟನ್ನು ಕಲ್ಪಿಸಿದವನು ನನ್ನ ಬಹುಕಾಲದ ಗೆಳೆಯ. ನಾನು ಶರಾವತಿಯ ಮೇಲಣ ಸಾಗರ ಸೀಮೆಯವನು. ಅವನು ಅದೇ ಶರಾವತಿ ಕಡಲನ್ನು ಸೇರುವ ಹೊನ್ನಾವರದವನು. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ನಾವಿಬ್ಬರೂ ಐದು ವರ್ಷ ಒಂದೇ ಕೋಣೆಯಲ್ಲಿದ್ದೆವು. "ನಿಮ್ಮೂರಿನಲ್ಲಿ ಮುಖ ತೊಳೆದ ನೀರು ನಮ್ಮೂರಿಗೆ ಬರುತ್ತದೆ, ಆದುದರಿಂದ ನೀನು ನನಗೆ ಗೌರವ ಕೊಡಬೇಕು" ಎಂದು ಅವನು ಹಾಸ್ಯ ಮಾಡುತ್ತಿದ್ದನು. ನಾನು ಕನ್ನಡ ಎಂ. ಎ. ಮುಗಿಸಿ ಅಧ್ಯಾಪಕನಾದೆ. ಅವನು ವಾಣಿಜ್ಯವನ್ನು ಓದಿ, ಹಡಗಿನ ಸರಕಿನ ಕಾಗದಪತ್ರಗಳನ್ನು ನೋಡಿಕೊಳ್ಳುವ ಒಂದು ಸಂಸ್ಥೆಯನ್ನು ಸೇರಿ ಕೊಚ್ಚಿಗೆ ಹೋದನು. ಆ ಮಾತಿಗೆ ಹನ್ನೆರಡು ವರ್ಷವಾಯಿತು. ಪ್ರತಿ ವರ್ಷವೂ "ಬಾ" ಎಂದು ಕರೆಯುತ್ತಿದ್ದನು. ಪ್ರತಿ ವರ್ಷವೂ ಉತ್ತರಪತ್ರಿಕೆಗಳ ಕಟ್ಟು ಅಡ್ಡ ಬರುತ್ತಿತ್ತು. ಕಳೆದ ಡಿಸೆಂಬರಿನಲ್ಲಿ ಅವನು ಕರೆದ ರೀತಿ ಬೇರೆಯಾಗಿತ್ತು. "ಈ ಸಲ ತಪ್ಪಿಸಬೇಡ ಮಾರಾಯ. ಊರನ್ನು ತೋರಿಸುವುದಿದೆ, ಒಂದು ಮಾತನ್ನು ಕೇಳುವುದೂ ಇದೆ" ಎಂದನು.

ಬೆಂಗಳೂರಿನಿಂದ ರಾತ್ರಿ ಹೊರಡುವ ರೈಲಿಗೆ ಹಳಬರು ಇಂದಿಗೂ 'ಐಲೆಂಡ್ ಎಕ್ಸ್‌ಪ್ರೆಸ್' ಎನ್ನುತ್ತಾರೆ. ಗುಡ್ಡಗಾಡನ್ನೂ ಬಯಲನ್ನೂ ಹಾದು ಹೋಗುವ ರೈಲಿಗೆ ದ್ವೀಪದ ಹೆಸರೇಕೆಂದು ನಾನು ಅನೇಕ ಸಲ ಬೆರಗಾಗಿದ್ದೆ. ಹಿಂದೆ ಅದರ ಕೊನೆಯ ನಿಲ್ದಾಣ ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿತ್ತಂತೆ. ಈಗ ರೈಲು ಆ ದ್ವೀಪದ ಗೊಡವೆಗೆ ಹೋಗದೆ ಕನ್ಯಾಕುಮಾರಿಯವರೆಗೆ ಓಡುತ್ತದೆ. ಆದರೂ ಹೆಸರು ಜನರ ನಾಲಗೆಯಿಂದ ಇಳಿದಿಲ್ಲ. ತವರನ್ನು ಬಿಟ್ಟು ಎಷ್ಟೋ ವರ್ಷವಾದರೂ ತವರಿನ ಹೆಸರಿನಿಂದಲೇ ಕರೆಯಿಸಿಕೊಳ್ಳುವ ಸೊಸೆಯಂತೆ!

ಬೆಳಿಗ್ಗೆ ಎರ್ನಾಕುಲದ ನಿಲ್ದಾಣದಲ್ಲಿ ಗೆಳೆಯ ಕಾದಿದ್ದನು. ತಲೆಯ ಮುಂಭಾಗದಲ್ಲಿ ಕೂದಲು ವಿರಳವಾಗಿದ್ದುದನ್ನು ಬಿಟ್ಟರೆ ಮನುಷ್ಯ ಬದಲಾಗಿರಲಿಲ್ಲ. ಮನೆಯಲ್ಲಿ ಅತ್ತಿಗೆ ಪುಟ್ಟು ಮತ್ತು ಕಡಲೆಯ ಪಲ್ಯವನ್ನು ಬಡಿಸಿದರು. ಕುಡಿಯುವ ನೀರು ನಸುಗೆಂಪಾಗಿ, ಬೆಚ್ಚಗೆ ಇತ್ತು. ಪದಿಮುಖ ಎಂಬ ಮರದ ಚಕ್ಕೆಯನ್ನು ಹಾಕಿ ಕುದಿಸಿದುದಂತೆ. ಎಂಟು ವರ್ಷದ ಮಗಳು ಬಾಗಿಲ ಮರೆಯಿಂದ ನನ್ನನ್ನು ನೋಡಿ, "ಮಾಮಾ ಎಪ್ಪೊಳಾಣು ವನ್ನದು?" ಎಂದಳು. ಯಾವಾಗ ಬಂದಿರೆಂದು ಅವಳು ಕೇಳಿದಳೆಂದು ಗೆಳೆಯ ಅನುವಾದ ಮಾಡಿದನು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಬಾಯಿಗೆ ಬರುವುದು ಮಾತ್ರ ಮಲಯಾಳ. ಕನ್ನಡದ ಅಧ್ಯಾಪಕನ ಎದುರಿಗೆ ಇದು ನಡೆದುದಕ್ಕೆ ತಂದೆಯ ಮುಖದಲ್ಲಿ ಸಣ್ಣ ಸಂಕೋಚ ಕಂಡಿತು. ನನಗೇನೋ ಅವಳ ಮಲಯಾಳ ಬಹಳ ಇಂಪಾಗಿ ಕೇಳಿಸಿತು.

ಹೈಕೋರ್ಟಿನ ಬಳಿಯ ಜಲನಿಲ್ದಾಣದಿಂದ ನಾವು ದೋಣಿಯನ್ನು ಹತ್ತಿದೆವು. ದೋಣಿ ಎಂದರೆ ವಾಚಕರು ಹುಟ್ಟು, ಹಾಯಿಗಳನ್ನು ಕಲ್ಪಿಸಿಕೊಳ್ಳಬಾರದು. ಇದು ನೀರಿನ ಮೇಲಿನ ಮೆಟ್ರೋ. 2023ರ ಏಪ್ರಿಲಿನಲ್ಲಿ ಆರಂಭವಾದ ಈ ಸೇವೆಯ ದೋಣಿಗಳು ವಿದ್ಯುತ್ಕೋಶಗಳಿಂದ ನಡೆಯುತ್ತವೆ. ಹೊಗೆಯಿಲ್ಲ, ಸದ್ದೂ ಅಷ್ಟಾಗಿ ಇಲ್ಲ. ನೂರು ಮಂದಿ ಹಿಡಿಯುವ ಈ ದೋಣಿಗಳನ್ನು ಕಟ್ಟಿದುದು ಕೊಚ್ಚಿಯ ಹಡಗುಕಟ್ಟೆಯೇ. 1972ರಲ್ಲಿ ಅಸ್ತಿಭಾರವನ್ನು ಕಂಡ ಆ ಹಡಗುಕಟ್ಟೆಯಲ್ಲಿಯೇ, 2022ರ ಸೆಪ್ಟೆಂಬರಿನಲ್ಲಿ ನೌಕಾಪಡೆಯನ್ನು ಸೇರಿದ ವಿಕ್ರಾಂತ್ ಎಂಬ ವಿಮಾನವಾಹಕ ಹಡಗು ಹುಟ್ಟಿತು. ಆನೆಯನ್ನು ಹೆತ್ತ ಮನೆಯಲ್ಲಿಯೇ ಅಳಿಲೂ ಹುಟ್ಟಿದಂತಾಯಿತು. ನಮ್ಮ ಪಕ್ಕದಲ್ಲಿ ಕಛೇರಿಗೆ ಹೋಗುವ ಹೆಂಗಸರು, ಶಾಲೆಯ ಮಕ್ಕಳು, ಮೀನಿನ ಬುಟ್ಟಿಯನ್ನು ಮನೆಯಲ್ಲಿಟ್ಟು ಪಟ್ಟಣಕ್ಕೆ ಬಂದು ಮರಳುತ್ತಿದ್ದ ಒಬ್ಬ ಮುದುಕ, ಎಲ್ಲರೂ ಇದ್ದರು. ನಮಗೆ ವಿಹಾರವಾದುದು ಅವರಿಗೆ ನಿತ್ಯದ ದಾರಿ.

ಬಲಗಡೆ ಬೋಲ್ಗಾಟ್ಟಿ ದ್ವೀಪ. 1744ರಲ್ಲಿ ಡಚ್ಚರು ಅಲ್ಲಿ ಕಟ್ಟಿದ ಮಹಲು ತೆಂಗುಗಳ ನಡುವೆ ಅಡಗಿದೆ. ಅದರಾಚೆ ವಲ್ಲಾರ್‌ಪಾಡಂ, ಅಲ್ಲಿ 2011ರಲ್ಲಿ ತೆರೆದ ಕಂಟೇನರು ಕಟ್ಟೆಯ ಮೇಲೆ ದೈತ್ಯಾಕಾರದ ಎತ್ತುಯಂತ್ರಗಳು ಜಿರಾಫೆಗಳಂತೆ ಕತ್ತನ್ನೆತ್ತಿ ನಿಂತಿವೆ. ಎಡಗಡೆ ವಿಲಿಂಗ್ಡನ್ ದ್ವೀಪ. "ಇದನ್ನು ಸರಿಯಾಗಿ ನೋಡು" ಎಂದನು ಗೆಳೆಯ. "ಇದರ ಬಹುಪಾಲನ್ನು ದೇವರು ಮಾಡಿದ್ದಲ್ಲ. ಸಮುದ್ರದ ತಳದಿಂದ ಎತ್ತಿದ ಮಣ್ಣು ಇದು. ನನ್ನ ಕಛೇರಿಯ ಮೇಜು ನಿಂತಿರುವುದು ಆ ಕೆಸರಿನ ಮೇಲೆ."

ಆ ಕಥೆ ಕೇಳತಕ್ಕದ್ದು. ಕೊಚ್ಚಿಗೆ ಪ್ರಕೃತಿ ಕೊಟ್ಟ ಬಂದರು ಎಷ್ಟು ಚೆಲುವಾಗಿದ್ದರೂ ಅಳಿವೆಯ ಬಾಯಲ್ಲಿ ಗಟ್ಟಿಯಾದ ಮರಳದಿಬ್ಬವೊಂದು ಅಡ್ಡ ಮಲಗಿತ್ತು. ದೊಡ್ಡ ಹಡಗುಗಳು ಒಳಗೆ ಬರಲಾರದೆ ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದುವು. ಸರಕೆಲ್ಲವೂ ಸಣ್ಣ ದೋಣಿಗಳಲ್ಲಿ ಅಲೆಗಳ ಮೇಲೆ ಓಲಾಡುತ್ತ ದಡವನ್ನು ಸೇರಬೇಕಾಗಿತ್ತು. 1920ರಲ್ಲಿ ಮದರಾಸಿನ ಗವರ್ನರ್ ವಿಲಿಂಗ್ಡನ್ ಪ್ರಭು ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರನನ್ನು ಇಲ್ಲಿಗೆ ಕಳುಹಿಸಿದನು. ದಿಬ್ಬವನ್ನು ಕಡಿದರೆ ವೈಪಿನ್ ದ್ವೀಪದ ದಂಡೆ ಕೊಚ್ಚಿಹೋದೀತೆಂಬ ಭಯ ಜನರಿಗಿತ್ತು. ಬ್ರಿಸ್ಟೋ ಮೊದಲು ದಂಡೆಗೆ ಕಲ್ಲಿನ ತಡೆಗಳನ್ನು ಕಟ್ಟಿ, ಮರಳು ತಾನಾಗಿ ಅಲ್ಲಿ ನಿಲ್ಲುವುದನ್ನು ತೋರಿಸಿ, ಆಮೇಲೆ ದಿಬ್ಬಕ್ಕೆ ಕೈ ಹಾಕಿದನು. ಹೂಳೆತ್ತುವ ಹಡಗುಗಳು ಹಗಲಿರುಳು ಕೆಲಸ ಮಾಡಿದುವು. 1928ರ ಮೇ 26ರಂದು ಮುಂಬಯಿಯಿಂದ ಬಂದ 'ಪದ್ಮಾ' ಎಂಬ ಹಡಗು ಅಳಿವೆಯನ್ನು ದಾಟಿ ಒಳಬಂದರಿಗೆ ಪ್ರವೇಶಿಸಿತು. ಎತ್ತಿದ ಮಣ್ಣನ್ನು ಎಸೆಯಲಿಲ್ಲ. ಅದರಿಂದ ಸುಮಾರು 780 ಎಕರೆಯ ಹೊಸ ನೆಲ ಮೇಲೆದ್ದಿತು. ತನ್ನನ್ನು ಕಳುಹಿಸಿದವನ ಹೆಸರು ಆ ನೆಲಕ್ಕೆ ಬಂದಿತು. ಬ್ರಿಸ್ಟೋ 1941ರಲ್ಲಿ ಊರನ್ನು ಬಿಟ್ಟು, ಮುಂದೆ 1959ರಲ್ಲಿ ತನ್ನ ಕೊಚ್ಚಿಯ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದನು.

"ಅಲ್ಲಿಗೆ ಕೆಲಸ ಮುಗಿಯಿತಲ್ಲ?" ಎಂದೆ.

"ಎಲ್ಲಿಯ ಮುಗಿಯುವುದು! ಹೊಳೆಗಳು ಮಣ್ಣನ್ನು ತರುವುದನ್ನು ನಿಲ್ಲಿಸಿವೆಯೇ? ಇಂದಿಗೂ ಹೂಳೆತ್ತುತ್ತಲೇ ಇದ್ದಾರೆ. ಒಂದೆರಡು ಮಳೆಗಾಲ ಸುಮ್ಮನೆ ಕುಳಿತರೆ ಸಾಕು, ದೊಡ್ಡ ಹಡಗು ಒಳಗೆ ಬರುವುದಿಲ್ಲ. ಬಂದರು ಎಂದರೆ ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವ ವಸ್ತುವಲ್ಲ ಮಾರಾಯ, ಅದು ದಿನಾ ಪಾತ್ರೆ ತೊಳೆದಂತೆ" ಎಂದನು.

ಕೊಚ್ಚಿಕೋಟೆಯಲ್ಲಿ ಇಳಿದೊಡನೆ ಕಣ್ಣಿಗೆ ಬೀಳುವುವು ಚೀನೀಬಲೆಗಳು. ಕ್ಯಾಲೆಂಡರಿನ ಚಿತ್ರಗಳಲ್ಲಿ ಇವನ್ನು ನೋಡದವರು ವಿರಳ. ಚೀನಾದ ವರ್ತಕರು ತಂದರೆಂದು ಒಂದು ಮತ. ಮಕಾವುವಿನಿಂದ ಪೋರ್ತುಗೀಸರು ತಂದರೆಂದು ಇನ್ನೊಂದು ಮತ. ನಮ್ಮ ಕಡೆಯ ಏತವನ್ನು ಬಲ್ಲವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಒಂದು ತುದಿಗೆ ಹರಡಿದ ಬಲೆ. ಇನ್ನೊಂದು ತುದಿಗೆ ಹಗ್ಗಗಳಿಂದ ತೂಗಬಿಟ್ಟ ಕಲ್ಲುಗುಂಡುಗಳು. ನಡುವೆ ತೇಗದ ಮರದ ಚೌಕಟ್ಟು. ನಾಲ್ಕೈದು ಮಂದಿ ಹಗ್ಗವನ್ನು ಜಗ್ಗಿದರೆ ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಬಲೆ ನೀರಿನಿಂದ ಮೇಲೇಳುತ್ತದೆ. ನಾವು ನೋಡುತ್ತಿದ್ದಾಗ ಮೇಲೆದ್ದ ಬಲೆಯಲ್ಲಿ ಒಂದು ಹಿಡಿ ಸಣ್ಣ ಮೀನೂ, ಎರಡು ಏಡಿಗಳೂ, ಮೂರು ನಾಲ್ಕು ಪ್ಲಾಸ್ಟಿಕ್ ಶೀಸೆಗಳೂ ಇದ್ದುವು.

ಹಗ್ಗ ಹಿಡಿದವರಲ್ಲಿ ಹಿರಿಯನೊಬ್ಬನನ್ನು ಗೆಳೆಯ ಮಾತಾಡಿಸಿದನು. ಅವನಿಗೆ 2025ರ ಮೇ ತಿಂಗಳು ಇನ್ನೂ ಮರೆತಿರಲಿಲ್ಲ. ಆ ತಿಂಗಳ 25ರಂದು ಎಲ್ಸಾ-3 ಎಂಬ ಹಡಗು 640 ಕಂಟೇನರುಗಳೊಡನೆ ಕೊಚ್ಚಿಯ ಹೊರಗಡಲಿನಲ್ಲಿ ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಬದುಕಿ ಉಳಿದರು. ಆದರೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಗುಳಿಗೆಗಳು ಕೇರಳದ ದಂಡೆಗಳಿಗೆ ಬಂದು ಬಿದ್ದುವು. ಮೀನು ತಿನ್ನುವುದಕ್ಕೆ ಜನ ಹೆದರಿದರು. "ಹಡಗು ಮುಳುಗಿದ್ದು ದೂರದಲ್ಲಿ, ನಮ್ಮ ಒಲೆ ಆರಿದ್ದು ಇಲ್ಲಿ" ಎಂದು ಆ ಮುದುಕ ಹೇಳಿದುದನ್ನು ಗೆಳೆಯ ನನಗೆ ಕನ್ನಡದಲ್ಲಿ ತಿಳಿಸಿದನು. ಪ್ರವಾಸಿಗಳು ಹಗ್ಗವನ್ನು ಹಿಡಿದು ಪಟ ತೆಗೆಯಿಸಿಕೊಂಡು ಕೊಡುವ ಹಣ ಅವನಿಗೆ ಮೀನಿನಷ್ಟೇ ಆಧಾರವಾಗಿದೆ. ನಾವೂ ಹಗ್ಗಕ್ಕೆ ಕೈ ಕೊಟ್ಟೆವು. ಅಂಗೈ ಕೆಂಪಾದಾಗ, ಚಿತ್ರದಲ್ಲಿ ಅಷ್ಟು ಹಗುರಾಗಿ ಕಾಣುವ ಬಲೆ ನಿಜಕ್ಕೆ ಎಷ್ಟು ಭಾರವೆಂಬುದು ತಿಳಿಯಿತು.

ಅಲ್ಲಿಂದ ಕೆಲವೇ ಹೆಜ್ಜೆಗೆ ಸಂತ ಫ್ರಾನ್ಸಿಸರ ಇಗರ್ಜಿ. ಪೋರ್ತುಗೀಸರು 1503ರಲ್ಲಿ ಮರದಿಂದ ಕಟ್ಟಿ, ಆಮೇಲೆ ಕಲ್ಲಿನಿಂದ ಪುನಃ ಕಟ್ಟಿದ ಗುಡಿ ಇದು. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದಾಗ ಅದು ಅವರ ಪಂಥಕ್ಕೆ ಸೇರಿತು. 1795ರಲ್ಲಿ ಇಂಗ್ಲಿಷರು ಬಂದ ಮೇಲೆ ಅವರ ಪಂಥಕ್ಕೆ. ಈಗ ದಕ್ಷಿಣ ಭಾರತದ ಸಭೆಗೆ ಸೇರಿದೆ. ಒಡೆಯರು ಬದಲಾದರು, ಪ್ರಾರ್ಥನೆಯ ಭಾಷೆ ಬದಲಾಯಿತು, ಗೋಡೆಗಳು ಮಾತ್ರ ನಿಂತಲ್ಲೇ ನಿಂತಿವೆ. ಒಳಗೆ ಹಗ್ಗದಿಂದ ಎಳೆಯುತ್ತಿದ್ದ ಬಟ್ಟೆಯ ಬೀಸಣಿಗೆಗಳು ಇಂದಿಗೂ ತೂಗುತ್ತಿವೆ. ವಾಸ್ಕೋ ಡ ಗಾಮನು 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡಾಗ ಅವನನ್ನು ಹೂಳಿದುದು ಇಲ್ಲಿಯೇ. ಹದಿನಾಲ್ಕು ವರ್ಷಗಳ ತರುವಾಯ ಅವನ ಅಸ್ಥಿಗಳನ್ನು ಪೋರ್ತುಗಲ್ಲಿಗೆ ಒಯ್ದರು. ಕಟಕಟೆಯೊಳಗಿನ ಬರಿಯ ಕಲ್ಲನ್ನು ಜನ ಬಂದು ನೋಡಿ ಹೋಗುತ್ತಾರೆ.

ಗೆಳೆಯ ಆ ಕಲ್ಲಿನ ಎದುರಿಗೆ ಬಹಳ ಹೊತ್ತು ನಿಂತನು. ಆಮೇಲೆ ಹೊರಗಿನ ಮರದ ನೆರಳಿಗೆ ಬಂದು, "ಕೇಳಬೇಕೆಂದಿದ್ದ ಮಾತು ಈಗ ಹೇಳಲೇ?" ಎಂದನು.

ಅವನ ಸಂಸ್ಥೆಗೆ ಮಂಗಳೂರಿನ ಬಳಿಯ ಪಣಂಬೂರಿನಲ್ಲಿಯೂ ಕಛೇರಿ ಇದೆ. ಅಲ್ಲಿಯ ಮುಖ್ಯಸ್ಥಾನ ತೆರವಾಗಿದೆ, "ನೀನು ಬರುವೆಯಾ?" ಎಂದು ಕೇಳಿದ್ದಾರೆ. ಸೋಮವಾರದೊಳಗೆ ಉತ್ತರ ಕೊಡಬೇಕು. ಹೊನ್ನಾವರದಲ್ಲಿ ಅವನ ತಾಯಿ ಒಬ್ಬರೇ ಇದ್ದಾರೆ. ಎಪ್ಪತ್ತೈದು ದಾಟಿದೆ, ಮೊಣಕಾಲು ಹೇಳಿದಂತೆ ಕೇಳುವುದಿಲ್ಲ. ಕೊಚ್ಚಿಗೆ ಬಂದಿರಲು ಅವರು ಒಪ್ಪರು. ಮಂಗಳೂರಿನಿಂದಾದರೆ ರೈಲಿನಲ್ಲಿ ಮೂರು ತಾಸಿನ ದಾರಿ. ಶನಿವಾರ ಹೋಗಿ ಭಾನುವಾರ ಬರಬಹುದು. ಇಲ್ಲಿ ಅತ್ತಿಗೆಗೆ ಶಾಲೆಯಲ್ಲಿ ಒಳ್ಳೆಯ ಕೆಲಸವಿದೆ. ಮಗಳ ಗೆಳತಿಯರೆಲ್ಲ ಇಲ್ಲಿಯವರು. ಅವಳು ಕನಸಿನಲ್ಲಿ ಕನವರಿಸುವುದೂ ಮಲಯಾಳದಲ್ಲಿ.

"ಹನ್ನೆರಡು ವರ್ಷ ಆಯಿತು. ಓಣಂ ಬಂದರೆ ಅಂಗಳದಲ್ಲಿ ಹೂವಿನ ರಂಗವಲ್ಲಿ ಇಡುತ್ತೇವೆ. 2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿದಾಗ, ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿದ್ದಾಗ, ಬೀದಿಯವರ ಜೊತೆ ಗಂಜಿ ಬೇಯಿಸಿ ಹಂಚಿದ್ದೇನೆ. ಆದರೂ ಯಾರಾದರೂ ಊರು ಯಾವುದೆಂದು ಕೇಳಿದರೆ ಹೊನ್ನಾವರವೆಂದೇ ಬಾಯಿಗೆ ಬರುತ್ತದೆ. ನಾನು ಇಲ್ಲಿ ಮನೆಯವನೋ, ನೆಂಟನೋ? ನೀನು ಹೇಳು" ಎಂದನು.

ಇಂಥ ಪ್ರಶ್ನೆಗೆ ಅರ್ಧ ಗಂಟೆಯ ಉಪನ್ಯಾಸ ಕೊಡುವುದು ನನ್ನ ವೃತ್ತಿಯವರಿಗೆ ಕಷ್ಟವಲ್ಲ. ಆದರೆ ಸೋಮವಾರದ ಗಡುವುಳ್ಳ ಮನುಷ್ಯನ ಎದುರಿಗೆ ಉಪನ್ಯಾಸ ಶೋಭಿಸುವುದಿಲ್ಲ. "ಊರನ್ನು ಪೂರ್ತಿ ತೋರಿಸು, ಆಮೇಲೆ ಹೇಳುತ್ತೇನೆ" ಎಂದೆ. ಆಟೋ ಹಿಡಿದು ಮಟ್ಟಾಂಚೇರಿಗೆ ಹೊರಟೆವು.

ಮಟ್ಟಾಂಚೇರಿಯ ಅರಮನೆಗೆ 'ಡಚ್ಚರ ಅರಮನೆ' ಎಂದು ಹೆಸರು, ಕಟ್ಟಿದವರು ಪೋರ್ತುಗೀಸರು. ಸುಮಾರು 1555ರಲ್ಲಿ ಅದನ್ನು ಕಟ್ಟಿ ಕೊಚ್ಚಿಯ ಅರಸ ವೀರಕೇರಳವರ್ಮನಿಗೆ ಕಾಣಿಕೆಯಾಗಿ ಕೊಟ್ಟರು. ಡಚ್ಚರು 1663ರಲ್ಲಿ ದುರಸ್ತಿ ಮಾಡಿಸಿದರು. ಹೆಸರು ದುರಸ್ತಿಯವರ ಪಾಲಾಯಿತು. ಹೊರಗಿನಿಂದ ನೋಡಿದರೆ ದೊಡ್ಡ ಜಮೀನುದಾರನ ಮನೆಯಂತಿದೆ. ನಡುವೆ ಅಂಗಳ, ಅಂಗಳದಲ್ಲಿ ಭಗವತಿಯ ಗುಡಿ. ಅರಸನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣ. ದಶರಥನ ಪುತ್ರಕಾಮೇಷ್ಟಿಯಿಂದ ಕಥೆ ಮೊದಲಾಗುತ್ತದೆ. ಕಾವಿ, ಹಸುರು, ಹಳದಿಗಳ ಆ ಗೋಡೆಯಲ್ಲಿ ಒಂದು ಅಂಗೈಯಗಲದ ಜಾಗವೂ ಬರಿದಾಗಿಲ್ಲ. ಆಕೃತಿಗಳು ಜಾತ್ರೆಯ ಜನರಂತೆ ಒತ್ತೊತ್ತಾಗಿ ನಿಂತಿವೆ. ವಿದೇಶೀಯರು ಕಟ್ಟಿಕೊಟ್ಟ ಗೋಡೆಯ ಮೇಲೆ ನಾಡಿನ ಚಿತ್ರಕಾರ ತನ್ನ ಕಥೆಯನ್ನೇ ಬರೆದನು. ಕೆಳಗಿನ ಕೋಣೆಯೊಂದರಲ್ಲಿ ಕಾಳಿದಾಸನ ಕುಮಾರಸಂಭವದ ಚಿತ್ರಗಳೂ ಇವೆ.

ಅರಮನೆಯ ಹಿಂದೆ ಯೆಹೂದ್ಯರ ಬೀದಿ. ಬೀದಿಗೆ ಕಾಲಿಟ್ಟೊಡನೆ ಮೂಗಿಗೆ ತಾಕಿದುದು ಒಣಶುಂಠಿ, ಏಲಕ್ಕಿ, ಕರಿಮೆಣಸುಗಳ ಪರಿಮಳ. ನನಗಂತೂ ನಮ್ಮ ಮನೆಯ ಅಟ್ಟವನ್ನು ಹತ್ತಿದಂತಾಯಿತು. ಅಡಕೆಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಕೆಳಗೆ ಬೆಳೆದವನು ನಾನು. ಹೊನ್ನಾವರದ ಮೇಲ್ಗಡೆಯ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಸರು 'ಮೆಣಸಿನ ರಾಣಿ' ಎಂದೇ ಕರೆದಿದ್ದರು. ಈ ಬೀದಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಮೆಣಸಿನ ವರ್ತಕರ ಸಂಘವೊಂದಿದೆ. ಒಂದು ಕಾಲಕ್ಕೆ ಅಲ್ಲಿ ದಲ್ಲಾಳಿಗಳು ಗಟ್ಟಿಯಾಗಿ ಕೂಗಿ ಧಾರಣೆ ಕಟ್ಟುತ್ತಿದ್ದರು. ಈಗ ಆ ಕೂಗು ಅಡಗಿ, ವ್ಯವಹಾರ ಗಣಕಯಂತ್ರಕ್ಕೆ ಸರಿದಿದೆ. ಈಚಿನ ವರ್ಷಗಳಲ್ಲಿ ಮೆಣಸಿನ ಬೆಳೆಯಲ್ಲಿ ಕರ್ನಾಟಕವೇ ಮುಂದಿದೆಯೆಂದು ನಾನು ಹೆಮ್ಮೆಯಿಂದ ಹೇಳಿದೆ. "ಬೆಳೆಯುವುದು ನೀವು, ಹಡಗಿಗೆ ಹತ್ತಿಸುವುದು ನಾವು" ಎಂದನು ಗೆಳೆಯ. 'ನಾವು' ಎಂದು ಅವನ ಬಾಯಿಂದ ಬಂದುದನ್ನು ನಾನು ಗಮನಿಸಿದೆ, ಅವನು ಗಮನಿಸಲಿಲ್ಲ.

ಬೀದಿಯ ಕೊನೆಗೆ ಯೆಹೂದ್ಯರ ಪ್ರಾರ್ಥನಾಮಂದಿರ. 1568ರಲ್ಲಿ ಕಟ್ಟಿದುದು. ಹದಿನೆಂಟನೆಯ ಶತಮಾನದ ಗಡಿಯಾರದ ಗೋಪುರದಲ್ಲಿ ಒಂದು ಮುಖಕ್ಕೆ ಹೀಬ್ರೂ ಅಂಕಿ, ಒಂದಕ್ಕೆ ರೋಮನ್ ಅಂಕಿ, ಒಂದಕ್ಕೆ ಮಲಯಾಳದ ಅಂಕಿ. ಪಾದರಕ್ಷೆಗಳನ್ನು ಹೊರಗಿಟ್ಟು ಒಳಗೆ ಹೋದರೆ ಅಂಗಾಲಿಗೆ ತಂಪಾದ ನೆಲ: ಚೀನಾದ ಕ್ಯಾಂಟನ್ನಿನಿಂದ ತರಿಸಿದ, ಕೈಯಿಂದ ನೀಲಿ ಬಣ್ಣದಲ್ಲಿ ಬರೆದ ಬಿಲ್ಲೆಗಳು. ಮೇಲೆ ತೂಗುದೀಪಗಳ ಸಾಲು. ಈ ಸಮಾಜದವರ ಬಳಿ ಸುಮಾರು ಸಾವಿರ ವರ್ಷ ಹಳೆಯ ತಾಮ್ರಶಾಸನವಿತ್ತು. ಭಾಸ್ಕರ ರವಿವರ್ಮನೆಂಬ ಅರಸನು ಜೋಸೆಫ್ ರಬ್ಬಾನ್ ಎಂಬವನಿಗೆ ಪಲ್ಲಕ್ಕಿ, ಛತ್ರಿ ಮೊದಲಾದ ಎಪ್ಪತ್ತೆರಡು ಮರ್ಯಾದೆಗಳನ್ನು ಕೊಟ್ಟುದನ್ನು ಅದರಲ್ಲಿ ವಟ್ಟೆಳುತ್ತು ಲಿಪಿಯಲ್ಲಿ ಕೊರೆದಿದೆ. ಭೂಮಿಯೂ ಚಂದ್ರನೂ ಇರುವವರೆಗೆ ಈ ದತ್ತಿ ನಡೆಯಲೆಂದು ಅರಸನ ಇಚ್ಛೆ. ನಮ್ಮ ಶಾಸನಗಳ 'ಆಚಂದ್ರಾರ್ಕ'ವನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ವಿವರಿಸಿದ್ದೇನೆ.

ಚಂದ್ರ ಇನ್ನೂ ಇದ್ದಾನೆ. ಆದರೆ ಜನ ಹೋಗಿಬಿಟ್ಟರು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ, ಐವತ್ತರ ದಶಕದಲ್ಲಿ ಅವರು ಗುಂಪುಗುಂಪಾಗಿ ಹೊರಟರು. ಯಾರೂ ಅವರನ್ನು ಓಡಿಸಲಿಲ್ಲ. ಇಲ್ಲಿಯವರ ಮೇಲೆ ಅವರಿಗೆ ಮುನಿಸೂ ಇರಲಿಲ್ಲ. 1968ರಲ್ಲಿ ಮಂದಿರದ ನಾನ್ನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು. ಈಗ ಬೀದಿಗೆ ಯೆಹೂದ್ಯರ ಹೆಸರಿದೆ. ಯೆಹೂದ್ಯರು ಬೆರಳೆಣಿಕೆಗೂ ಕಡಮೆ. ಅಂಗಡಿಗಳಲ್ಲಿ ಹಳೆಯ ಪೆಟ್ಟಿಗೆಗಳನ್ನು, ಹಿತ್ತಾಳೆಯ ದೀಪಗಳನ್ನು ಮಾರುತ್ತಾರೆ.

"ಸಾವಿರ ವರ್ಷ ಇದ್ದವರೂ ಎದ್ದು ಹೋದರು ನೋಡು" ಎಂದನು ಗೆಳೆಯ.

"ಹೌದು. ಆದರೆ ಅಲ್ಲಿಗೆ ಹೋದ ಮುದುಕಿಯರು ಮಲಯಾಳದ ಹಾಡುಗಳನ್ನು ಹಾಡುತ್ತಿದ್ದರು. ಅವನ್ನು ವಿದ್ವಾಂಸರು ಕೇಳಿ ಬರೆದುಕೊಂಡಿದ್ದಾರೆ" ಎಂದೆ. ಅವನು ಉತ್ತರ ಕೊಡಲಿಲ್ಲ.

ಸಂಜೆ ಚೆರ್ಳಾಯಿಯ ತಿರುಮಲ ದೇವಸ್ಥಾನಕ್ಕೆ ಹೋದೆವು. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ತುಗೀಸರ ಮತಪೀಡೆಯನ್ನು ತಾಳಲಾರದೆ ದಕ್ಷಿಣಕ್ಕೆ ಬಂದ ಗೌಡ ಸಾರಸ್ವತರು ಇಲ್ಲಿ ನೆಲೆನಿಂತು ವೆಂಕಟೇಶನನ್ನು ಆರಾಧಿಸಿದರು. ಅವರ ಬಂಧುಗಳೇ ನಮ್ಮ ಕಾರವಾರ, ಕುಮಟಾ, ಮಂಗಳೂರುಗಳಲ್ಲಿಯೂ ಇದ್ದಾರೆ. ದೀಪಾರಾಧನೆಯ ಹೊತ್ತಿಗೆ ಸುತ್ತಲೂ ಕೇಳಿದ ಮಾತು ಕೊಂಕಣಿ; ಹೊನ್ನಾವರದ ಪೇಟೆಯಲ್ಲಿ ನಿಂತಂತಾಯಿತು. ಹನ್ನೆರಡು ವರ್ಷಗಳ ಹಿಂದೆ ಗೆಳೆಯನಿಗೆ ಮೊದಲ ಬಾಡಿಗೆಮನೆ ಸಿಕ್ಕಿದುದು, ಅವನು ಪೇಟೆಯಲ್ಲಿ ಕಲಿತಿದ್ದ ನಾಲ್ಕು ಕೊಂಕಣಿ ಮಾತುಗಳಿಂದ.

ಈ ಜನರ ಮೂವರು ಪೂರ್ವಿಕರು ವಿದ್ಯಾಪ್ರಪಂಚಕ್ಕೆ ಪರಿಚಿತರು. ಡಚ್ಚರ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳನ್ನು ಕುರಿತು ಬರೆಯಿಸಿದ 'ಹೋರ್ತುಸ್ ಮಲಬಾರಿಕುಸ್' ಎಂಬ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಅದಕ್ಕೆ ನೆರವಾದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ. ಆ ಮೂವರು ನಾಗರೀಲಿಪಿಯಲ್ಲಿ, ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲಿ ಇದ್ದಂತೆಯೇ ಮುದ್ರಿತವಾಗಿದೆ. ನೆಲವನ್ನು ಬಿಟ್ಟು ಬಂದವರು ನುಡಿಯನ್ನು ಬಿಟ್ಟು ಬಂದಿರಲಿಲ್ಲ.

ನಾನು ಇದನ್ನು ಹೇಳಿ ಮುಗಿಸಿದಾಗ ಗೆಳೆಯ ಮೆಟ್ಟಿಲ ಮೇಲೆ ಕುಳಿತಿದ್ದನು. "ಇವರು ನಾನ್ನೂರು ವರ್ಷ ಮಾತನ್ನು ಉಳಿಸಿಕೊಂಡರು. ನನ್ನ ಮನೆಯಲ್ಲಿ ಹನ್ನೆರಡು ವರ್ಷಕ್ಕೆ ಹೂಳು ತುಂಬಿತು" ಎಂದನು. ತುಸು ತಡೆದು, "ಆಯಿ ದೂರವಾಣಿಯಲ್ಲಿ ಮಾತಾಡುವಾಗ ಮೊಮ್ಮಗಳು ಹೇಳುವುದು ಅವರಿಗೆ ತಿಳಿಯುವುದಿಲ್ಲ. 'ಮಗು ಏನು ಹೇಳಿತು?' ಎಂದು ನನ್ನನ್ನು ಕೇಳುತ್ತಾರೆ. ಅಜ್ಜಿಗೂ ಮೊಮ್ಮಗಳಿಗೂ ನಡುವೆ ನಾನು ದುಭಾಷಿ!" ಎಂದು ನಕ್ಕನು. ಆ ನಗೆ ನೋಡಲು ಹಿತವಾಗಿರಲಿಲ್ಲ.

ಮರಳುವಾಗ ಕೊಚ್ಚಿಕೋಟೆಯ ದಂಡೆಯಲ್ಲಿ ಸೂರ್ಯಾಸ್ತವಾಗುತ್ತಿತ್ತು. ಅಳಿವೆಯ ನಡುವೆ ಮಾಸಿದ ಬಣ್ಣದ ಒಂದು ಹಡಗು ನಿಧಾನವಾಗಿ ಚಲಿಸುತ್ತಿತ್ತು. ಯಾರೂ ಅದರ ಪಟ ತೆಗೆಯುತ್ತಿರಲಿಲ್ಲ. "ಅದೇ ಹೂಳೆತ್ತುವ ಹಡಗು" ಎಂದನು ಗೆಳೆಯ. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ನನ್ನ ಅಭಿಪ್ರಾಯವನ್ನು ಆಗ ಹೇಳಿದೆ: "ನೀನು ಇಲ್ಲಿ ನೆಂಟನಲ್ಲ, ಮನೆಯವನೇ. ಮನೆಯವನಾದುದರಿಂದಲೇ ಬಿಟ್ಟು ಹೋಗುವುದು ಕಷ್ಟವಾಗಿದೆ. ಆದರೆ ಈ ಊರು ನಿನಗಾಗಿ ಕಾದಿರುತ್ತದೆ. ಎಪ್ಪತ್ತೈದು ದಾಟಿದವರು ಎಷ್ಟು ಕಾಲ ಕಾದಾರು?"

ರಾತ್ರಿ ಊಟದ ಹೊತ್ತಿಗೆ ಮಾತು ಮತ್ತೆ ಎದ್ದಿತು. ಅತ್ತಿಗೆ ಮಜ್ಜಿಗೆ ಬಡಿಸುತ್ತ, "ನೋಡಿ ಭಾವ, ಇವರು ನನಗೋಸ್ಕರ ಯೋಚಿಸುತ್ತಾರೆ, ನಾನು ಇವರಿಗೋಸ್ಕರ ಯೋಚಿಸುತ್ತೇನೆ, ಹೀಗೆ ಹದಿನೈದು ದಿನ ಹೋಯಿತು. ಶಾಲೆಯ ಕೆಲಸ ಮಂಗಳೂರಿನಲ್ಲಿಯೂ ಸಿಕ್ಕೀತು. ಮಗಳಿಗ ಅಜ್ಜಿ ಇನ್ನೆಲ್ಲಿ ಸಿಗುತ್ತಾಳೆ?" ಎಂದರು. ಬಾಗಿಲ ಬಳಿ ಆಡುತ್ತಿದ್ದ ಮಗುವಿಗೆ ಇದೆಲ್ಲ ಅರ್ಥವಾಗಿತ್ತು. ಅವಳ ಕಣ್ಣು ತುಂಬಿತು. ಅಪರೂಪಕ್ಕೆ ಕನ್ನಡದಲ್ಲಿಯೇ, "ಅಜ್ಜಿ ಇಲ್ಲಿಗೆ ಬಂದು ಮಲಯಾಳ ಕಲಿತರೆ ಆಗುವುದಿಲ್ಲವಾ?" ಎಂದಳು.

ಯಾರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ನ್ಯಾಯವಾದ ಪ್ರಶ್ನೆ. ತಂದೆಗೆ ಹೊನ್ನಾವರ ಹೇಗೋ ಇವಳಿಗೆ ಕೊಚ್ಚಿ ಹಾಗೆ. ಒಬ್ಬರು ಊರಿಗೆ ಮರಳಬೇಕಾದರೆ ಇನ್ನೊಬ್ಬರು ಊರನ್ನು ಬಿಡಬೇಕು. ಗೆಳೆಯ ಮಗಳನ್ನು ಹತ್ತಿರ ಕೂರಿಸಿಕೊಂಡು, "ಪರೀಕ್ಷೆ ಮುಗಿಯುವವರೆಗೆ ಎಲ್ಲಿಗೂ ಹೋಗುವುದಿಲ್ಲ. ಹೋದ ಮೇಲೂ ಪ್ರತಿ ಓಣಂ ಹಬ್ಬಕ್ಕೆ ಇಲ್ಲಿಗೆ ಬರೋಣ. ನಿನ್ನ ಮಲಯಾಳವನ್ನು ನೀನು ಮರೆಯಕೂಡದು, ಅಜ್ಜಿಗೆ ನೀನೇ ಕಲಿಸು" ಎಂದನು. ಮಗಳು ಒಪ್ಪಿದಳೆಂದು ಹೇಳಲಾರೆ, ಅಳುವುದನ್ನು ನಿಲ್ಲಿಸಿದಳು. ಅವಳು ಮಲಗಿದ ಮೇಲೆ ಅವನು ಉತ್ತರವನ್ನು ಬರೆದನು: ಬರುತ್ತೇನೆ, ಆದರೆ ಏಪ್ರಿಲಿನಲ್ಲಿ.

ಕೊಚ್ಚಿಗೆ ಹೋಗಬಯಸುವ ವಾಚಕರಿಗೆ ಎರಡು ಮಾತು. ಶುಕ್ರವಾರ ಅರಮನೆ, ಶನಿವಾರ ಯೆಹೂದ್ಯರ ಮಂದಿರ ಮುಚ್ಚಿರುತ್ತವೆ. ಉಳಿದ ದಿನಗಳನ್ನು ಆರಿಸಿಕೊಳ್ಳಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಸಾಧ್ಯವಾದಷ್ಟೂ ನೀರಿನ ದಾರಿಯಲ್ಲಿಯೇ ಓಡಾಡಿ. ಆ ಊರಿನ ಮುಖ ಇರುವುದು ನೀರಿನ ಕಡೆಗೆ. ಚೀನೀಬಲೆಯ ಹಗ್ಗವನ್ನು ಹಿಡಿದರೆ ಹಗ್ಗದವರಿಗೆ ನಾಲ್ಕು ಕಾಸು ಕೊಡಲು ಮರೆಯಬೇಡಿ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ನಿಮ್ಮ ಹಳೆಯ ಗೆಳೆಯರಾರಾದರೂ ಇದ್ದರೆ, ಅವರು ಇರುವಾಗಲೇ ಹೋಗಿ ಬನ್ನಿ.

ನನ್ನ ಗೆಳೆಯನಿಗೆ ಪಣಂಬೂರಿನ ಹತ್ತಿರ ಮನೆ ಗೊತ್ತಾಗಿದೆ. ಮಹಡಿಯಿಂದ ಸಮುದ್ರ ಕಾಣುವುದಿಲ್ಲವಂತೆ. ರಾತ್ರಿಯ ನಿಶ್ಶಬ್ದದಲ್ಲಿ ಹಡಗಿನ ಕೂಗು ಮಾತ್ರ ಕೇಳಿಸುತ್ತದಂತೆ.